ಬಾವಿ ಸಪ್ಪೆ ಇರುವಾಗ

ಮಲ್ಪೆ ಬಂದರಿನಿಂದ ತಂದ ಥರ್ಮಾಕೋಲಿನ ಮೀನುಪೆಟ್ಟಿಗೆಯಲ್ಲಿ
ಇಪ್ಪತ್ತೆರಡು ಬದನೆ ಸಸಿ.
ಮೂರು ಸಲ ತೊಳೆದರೂ ಬಂಗುಡೆಯ ವಾಸನೆ ಹೋಗಿಲ್ಲ.
ಅವಕ್ಕೇನೂ ಬೇಸರವಿದ್ದಂತಿಲ್ಲ;
ಗೇಣುದ್ದ ಬೆಳೆದು, ಒಂದಕ್ಕೊಂದು ಒರಗಿ
ಸರ್ವಿಸ್ ಬಸ್ಸಿಗೆ ಕಾದವರ ಹಾಗೆ ನಿಂತಿವೆ.

ಬೀಜದ ಪೊಟ್ಟಣದ ಹಿಂದೆ ಬರೆದಿದ್ದಾರೆ:
‘ಚಳಿ ಪೂರ್ತಿ ಹೋದ ಮೇಲೆ ನಾಟಿ ಮಾಡಿ.’
ನಗು ಬಂತು. ನಮ್ಮ ಕಡಲಬದಿಗೆ
ಚಳಿ ಬಂದದ್ದಾದರೂ ಯಾವಾಗ?
ಜನವರಿಯ ನಾಲ್ಕು ಬೆಳಗು
ತಲೆಗೆ ಬೈರಾಸು ಸುತ್ತಿಕೊಂಡದ್ದು ಬಿಟ್ಟರೆ.

ಸೊಸೈಟಿಯ ವಾದಿರಾಜ ಹೇಳಿದ,
ಸುಗ್ಗಿ ತಿಂಗಳು ಅರ್ಧ ಹೋಯಿತು, ತಡವಾಯ್ತು.
ನಾದಿನಿ ಹೇಳಿದಳು, ಬಿಸು ಕಳೆಯಲಿ.
ನನಗೆ ರಜೆ ಇರುವುದು ಭಾನುವಾರ.
ಹಾಗಾಗಿ ಭಾನುವಾರ, ಹನ್ನೊಂದೂವರೆಗೆ,
ಹೊಯಿಗೆಯಲ್ಲಿ ಗುಂಡಿ ತೋಡಿ ಎಂಟು ನೆಟ್ಟೆ.
ಊಟ ಮುಗಿಸಿ ಬಂದು ನೋಡಿದರೆ
ಎಂಟೂ ಮಲಗಿದ್ದವು,
ಬೇಯಿಸಿದ ಹರಿವೆಯ ಹಾಗೆ.

ಬೇಲಿಯಾಚೆಯಿಂದ ಮೊಂತಿಬಾಯಿ ಬಂದರು.
ಬೈಯಲಿಲ್ಲ. ಸಸಿಯ ಕಡೆ ನೋಡಲೂ ಇಲ್ಲ.
ಸೀದಾ ಬಾವಿಕಟ್ಟೆಗೆ ಹೋಗಿ ಒಂದು ಕೊಡಪಾನ ಸೇದಿ
ಬೊಗಸೆ ನೀರು ಬಾಯಲ್ಲಿ ಹೊರಳಿಸಿ
ಬಾಳೆಬುಡಕ್ಕೆ ಉಗಿದರು.
“ಇನ್ನೂ ಸಪ್ಪೆ ಉಂಟು. ಹದಿನೈದು ದಿವಸ ಸಿಕ್ಕೀತು.
ಉಪ್ಪು ಮೇಲೆ ಬರುವ ಮೊದಲು
ಬೇರು ಕೆಳಗೆ ಇಳಿಯಬೇಕು, ಅಷ್ಟೇ ಮಾರಾಯ್ತಿ.
ಕ್ಯಾಲೆಂಡರಿಗೆ ನಾಲಿಗೆ ಉಂಟಾ?”

ಉಳಿದ ಹದಿನಾಲ್ಕಕ್ಕೆ ಸಂಜೆಯವರೆಗೆ ಕಾದೆವು.
ಪಡುಗಾಳಿ ಎದ್ದು, ತೆಂಗಿನ ನೆರಳು
ಮೂಡಣ ಪಾಗಾರ ಹತ್ತಿದ ಮೇಲೆ
ಅವರು ಕೂತರು, ಮಂಡಿನೋವಿಗೆ ಯೇಸುವನ್ನು ಕರೆಯುತ್ತ.
ಬುಡ ಒತ್ತಿದ್ದು
ಕೂಸಿನ ನೆತ್ತಿಗೆ ಎಣ್ಣೆ ಒತ್ತುವಷ್ಟೇ.
ಬಾಳೆಯ ಹಾಳೆ ಸೀಳಿ, ಮಡಚಿ,
ಪ್ರತಿ ಸಸಿಗೂ ಒಂದು ಮಾಡು ಕಟ್ಟಿದರು,
ಮಲಗಿದ ಎಂಟಕ್ಕೂ.
ಸತ್ತವಕ್ಕೆ ಯಾಕೆ ಎಂದೆ.
“ಯಾರು ಹೇಳಿದ್ದು ಸತ್ತದ್ದೂಂತ?”

ಹದಿನಾಲ್ಕೂ ನಿಂತಿವೆ.
ಎಂಟರಲ್ಲಿ ಮೂರು ಎದ್ದಿವೆ, ಇನ್ನೊಂದು
ಎದ್ದರೆ ಎದ್ದೀತು ಎಂಬ ಹಾಗೆ ಉಂಟು.
ಈಗ ದಿನಾ ಹಲ್ಲುಜ್ಜುವ ಮೊದಲು
ಬಾವಿಯ ನೀರು ನಾಲಿಗೆಗೆ.
ಇವತ್ತು ಒಂಚೂರು ಉಪ್ಪು ಹತ್ತಿತು;
ಕಡಲಿನದೋ, ತುಟಿಯ ಮೇಲಿನ ಬೆವರಿನದೋ,
ಮುಖ ಒರೆಸಿಕೊಂಡು
ಇನ್ನೊಮ್ಮೆ ಸೇದಿದೆ.