ಉಣ್ಣೆಯ ಎಳೆ

ಸಾಸೂನ್ ಆಸ್ಪತ್ರೆಗೆ ಬಂದ ಖಾಂಬೇಟೆ ಮಾಸ್ತರು
ಹೇಗಿದ್ದೀ ಅನ್ನಲಿಲ್ಲ.
ಕುರ್ಚಿ ಎಳೆದು ಕೂತು ಕೇಳಿದರು:
ಎಳೆ ಎತ್ತ ಬಾಗಿತ್ತು?

ಎಳೆ ಅಂದರೆ, ಮುಂದಿನ ಗಾಜಿಗೆ ಅಂಟಿಸುವ ಗೇಣುದ್ದದ ಕೆಂಪು ಉಣ್ಣೆ,
ಅವರ ಹೆಂಡತಿ ಹೆಣೆದ ಸ್ವೆಟರಿನಲ್ಲಿ ಮಿಕ್ಕದ್ದು.
ಇಂಜಿನ್ನಿಲ್ಲದ ಗ್ಲೈಡರಿಗೆ ಅದೇ ಜಾತಕ:
ನೆಟ್ಟಗಿದ್ದರೆ ಗಾಳಿ ಒಪ್ಪಿದೆ,
ವಾಲಿದರೆ ಜಾರುತ್ತಿದ್ದೀ.

ನಾನು ನೋಡಿರಲಿಲ್ಲ.

ಹಡಪ್ಸರದ ಹುಲ್ಲುಪಟ್ಟಿ. ಮಾರ್ಚ್, ಮಧ್ಯಾಹ್ನ ಮೂರು.
ತಾಂಬೋಳಿಯ ವಿಂಚು ಗಾಳಿಪಟದ ಹಾಗೆ ನನ್ನ ಮೇಲೆಳೆಯುತ್ತಿತ್ತು.
ಇನ್ನೂರೈವತ್ತು ಅಡಿಗೆ ಟಪ್ಪೆಂದು ಹಗ್ಗ ಕಡಿಯಿತು.
ಮೂತಿ ತಗ್ಗಿಸು, ಎದುರಿಗೇ ಇಳಿ:
ಬಾಯಿಪಾಠವಿತ್ತು, ಕೈಗೆ ಬರಲಿಲ್ಲ.
ನೆಲ ಏರಿ ಬರುವಾಗ ನೆಲದತ್ತಲೇ ಕೋಲು ನೂಕು ಅಂದರೆ
ಯಾವ ಕೈ ಕೇಳುತ್ತದೆ?
ಎದೆಗೆ ಎಳಕೊಂಡೆ. ಹೊರಟ ಜಾಗವನ್ನು ಹೊರಳಿ ನೋಡಿದೆ.
ಎಡ ರೆಕ್ಕೆ ಕುಸಿಯಿತು.

ಈರುಳ್ಳಿ ಹೊಲ. ಬಾಯ್ತುಂಬ ಮಣ್ಣು.
ಜಜ್ಜಿದ ಗಡ್ಡೆಗಳ ಘಾಟಿಗೆ ಕಣ್ಣಲ್ಲಿ ನೀರು ಬಂತು,
ಬದುಕಿದ್ದೇನೆಂದು ಗೊತ್ತಾದದ್ದು ಹಾಗೆ.
ಹೊಲದವಳು ಓಡಿ ಬಂದು ಅಲುಗಬೇಡ ಅಂದಳು,
ಆಮೇಲೆ ಮೆಲ್ಲಗೆ
ಎಷ್ಟು ಸಾಲು ಹೋಯಿತೆಂದು ಎಣಿಸಿದಳು.

ಆರು ವರ್ಷ. ಬೆನ್ನುಮೂಳೆಯಲ್ಲಿ ಎರಡು ಸ್ಕ್ರೂ.
ಇವತ್ತು ಮುಂದಿನ ಸೀಟಿನಲ್ಲಿ ಹೊಸ ಹುಡುಗ, ಹಿಂದೆ ನಾನು.
ದಿವೆ ಘಾಟಿನ ಮೇಲೆ ಹದ್ದುಗಳು ಸುತ್ತುತ್ತಿವೆ.
ಏನಾದರೂ ಹೇಳಿ ಮೇಡಂ, ಅನ್ನುತ್ತಾನೆ.

ಗಾಜಿಗೆ ಅಂಟಿಸಿದ ಎಳೆ ಈ ಸಲ ಹಳದಿ;
ಕೆಂಪು ಉಂಡೆ ಮುಗಿಯಿತು, ಹೆಣೆಯುವವರೂ ಇಲ್ಲ.
ಹಗ್ಗ ಬಿಗಿಯಾಗಿರುವಾಗಲೇ
ಕಡಿದಿದೆ ಅಂದುಕೋ, ಅನ್ನುತ್ತೇನೆ.

ತಲೆಯಾಡಿಸುತ್ತಾನೆ. ತಿಳಿದಿಲ್ಲ.
ಪಟ್ಟಿಯ ಆ ತುದಿಯಲ್ಲಿ ತಾಂಬೋಳಿ
ದೀಪ ಮಿನುಗಿಸುತ್ತಾನೆ.