ಕೆಂಪು ಮುಚ್ಚಳ

ಅಂಗಿಯ ಗುಂಡಿಯಷ್ಟೇ ಇದೆ,
ಕೆಂಪು ಪ್ಲಾಸ್ಟಿಕ್ಕಿನ ಮುಚ್ಚಳ.
ಸಿಸ್ಟರ್ ಪ್ರೆಸಿಲ್ಲಾ ಅಂಗೈಯಲ್ಲಿಟ್ಟು ತೋರಿಸಿದರು:
"ಇವತ್ತು ನಾಲ್ಕು ಗಂಟೆ. ನಾಳೆ ಹಗಲಿಡೀ.
ನಾಡಿದ್ದು ರಾತ್ರಿಯೂ ತಡೆದುಕೊಂಡರೆ
ಮಂಗಳವಾರ ಡಾಕ್ಟರು ನಳಿಗೆ ತೆಗೆಯುತ್ತಾರೆ."
ಟಕ್.

ಒಂದು ಗಳಿಗೆ ಉಸಿರಿಗೆ ದಾರಿಯೇ ಮರೆತಿತ್ತು.
ಏಳು ತಿಂಗಳು ಹಿಂಬಾಗಿಲಲ್ಲಿ ಹೋಗಿ ಬಂದು ರೂಢಿಯಾದದ್ದು
ಕತ್ತಲೆಯ ಜಗಲಿಯಲ್ಲಿ ಚಪ್ಪಲಿ ಹುಡುಕಿದ ಹಾಗೆ ತಡಕಾಡಿ
ಮೆಲ್ಲ ಮೂಗಿಗೆ ಹತ್ತಿತು.
ಮೊದಲು ಬಂದದ್ದು ಫಿನಾಯಿಲು.
ಆಮೇಲೆ ಸಿಸ್ಟರ ಕೈಯ ಸ್ಪಿರಿಟ್ಟು. ಆಮೇಲೆ
ಪಕ್ಕದ ಮಂಚದವರ ಬುತ್ತಿಯಿಂದ ಒಣ ಎಟ್ಟಿಯ ಚಟ್ನಿ.
ಕಣ್ಣು ತುಂಬಿತು.
"ನೋವಾ?" ಕೇಳಿದರು.
ಅಲ್ಲವೆಂದು ತಲೆಯಾಡಿಸಿದೆ, ಎಟ್ಟಿಯ ಕಡೆಗೇ ನೋಡುತ್ತ.

ಇಪ್ಪತ್ತಾರು ವರ್ಷ ಸ್ಟೇಟ್ ಬ್ಯಾಂಕಿನಿಂದ ತಲಪಾಡಿ,
ತಲಪಾಡಿಯಿಂದ ಸ್ಟೇಟ್ ಬ್ಯಾಂಕು.
ಹಿಂದಿನ ಮೆಟ್ಟಿಲಲ್ಲಿ ಒಂಟಿಗಾಲು,
ಜ್ಯೋತಿ ಕಂಕನಾಡಿ ಪಂಪ್‌ವೆಲ್ ತೊಕ್ಕೊಟ್ಟು ಕೋಟೆಕಾರು
ಒಂದೇ ಉಸಿರಿಗೆ.
ನಡುವೆ ಉಸಿರೆಳೆದೆಯೋ, ಹಿಂದಿನ ಬಸ್ಸಿನವ ಜನ ಎತ್ತಿದ.
ಆ ಗಂಟಲಿಗೆ ಹೊಗೆ, ಮಾರ್ಗದ ಧೂಳು,
ದಿನಕ್ಕೆ ಎರಡು ಕಟ್ಟು ಬೀಡಿ. ಅದೂ ಹೌದು,
ನಾನೇನು ಸಾಚಾ ಅಲ್ಲ.

ಸ್ವರ ಒಡೆದಾಗ ಎಲ್ಲರೂ ಹೇಳಿದ್ದು ಒಂದೇ:
"ಕಂಡಕ್ಟರ್ ಅಲ್ವಾ, ಕೂಗಿ ಕೂಗಿ."
ಒಳ್ಳೆಮೆಣಸು, ಕಲ್ಲುಸಕ್ಕರೆ, ಪುನರ್ಪುಳಿ.
ಐದು ತಿಂಗಳು ಕಷಾಯದಲ್ಲೇ ಕಳೆಯಿತು.
ಮತ್ತೆ ಮೂವತ್ತಮೂರು ಸಲ
ಮುಖಕ್ಕೆ ಬಲೆಯ ಮುಸುಕು ಬಿಗಿದು ಯಂತ್ರದಡಿ ಮಲಗಿಸಿದರು.
ಬಂಗುಡೆಗೆ ಬಲೆಯೊಳಗಿಂದ ಲೋಕ ಹೀಗೇ ಕಾಣುತ್ತಿತ್ತೇನೋ,
ಚೌಕ ಚೌಕ.

ಭಾನುವಾರ ಇದಿನಬ್ಬ ಬಂದ.
ಸ್ಟೀಯರಿಂಗ್ ಇಲ್ಲದ ಕೈ ಎಲ್ಲಿಡುವುದೆಂದು ಗೊತ್ತಾಗದೆ
ಮಂಚದ ಕಂಬಿ ಹಿಡಿದು ನಿಂತ.
"ಲೋಕಯ್ಯಣ್ಣ, ಹೊಸ ಹುಡುಗ ಬಾಯೇ ತೆರೆಯೂದಿಲ್ಲ ಮಾರಾಯ್ರೆ,
ತಗಡಿಗೆ ಬಡೀತಾನೆ ಅಷ್ಟೆ. ಹೋಗೂದಾ ನಿಲ್ಲೂದಾ
ನನಗೆ ಹೇಗೆ ಗೊತ್ತಾಗ್ಬೇಕು?"
ಮುಚ್ಚಳ ಇರುವುದು ಮರೆತು ಸ್ಲೇಟು ಎತ್ತಿಕೊಂಡೆ.
ಬರೆದೆ: ಕಲೆಕ್ಷನ್ ಎಷ್ಟು?

ತೂತು ಏನಾಗುತ್ತದೆ, ಅದನ್ನೂ ಬರೆದೇ ಕೇಳಿದೆ.
ಹಳೆಯ ಟಿಕೆಟಿಗೆ ಕಟಕ್ಕೆಂದು ತೂತು ಹೊಡೆದ ಕೈ ಇದು,
ತೂತು ಬಿದ್ದದ್ದು ಎರಡನೇ ಸಲ ನಡೆಯದೆಂದು
ಎಷ್ಟು ಜನರನ್ನು ಇಳಿಸಿದ್ದೇನೆ.
"ಹೊಲಿಗೆ ಬೇಡ," ಎಂದರು ಸಿಸ್ಟರ್, "ತಾನೇ ಕೂಡಿಕೊಳ್ಳುತ್ತದೆ.
ಅಷ್ಟರವರೆಗೆ ಮಾತಾಡುವಾಗ
ಪಟ್ಟಿಯ ಮೇಲೆ ಎರಡು ಬೆರಳು ಒತ್ತಿ."

ಸೋಮವಾರ ರಾತ್ರಿ.
ನಳಿಗೆಯ ಸೊರಸೊರದಲ್ಲಿ ನಿದ್ದೆ ಮಾಡಲು ಕಲಿತವಳು ಜಲಜಾಕ್ಷಿ;
ಸದ್ದಿಲ್ಲವೆಂದು ಎದ್ದು ಕೂತಳು.
ಮೂಗಿನ ಕೆಳಗೆ ಹಿಂಗೈ ಹಿಡಿದಳು.
ಮಲಗಿದಳು. ಮತ್ತೆ ಎದ್ದಳು.
ನಾಲ್ಕನೇ ಸಲ ನಾನು ಬೇಕೆಂದೇ ಊದಿದೆ ಅವಳ ಕೈಮೇಲೆ.
ಬೈದಳು, ತುಳುವಿನಲ್ಲಿ, ಬಾಯ್ತುಂಬ.

ಎರಡು ಗಂಟೆಗೆ ಕಫ ಕಟ್ಟಿತು.
ಮುಚ್ಚಳದ ಮೇಲೆ ಬೆರಳು. ಎಳೆದರೆ ಬಿತ್ತು, ಯಾರೂ ನೋಡುತ್ತಿಲ್ಲ.
ಎಳೆದರೆ ಗಾಳಿ, ಎಳೆದರೆ ಇನ್ನೊಂದು ತಿಂಗಳು.
ಮಂಚದ ಕಂಬಿಗೆ ಬೆನ್ನು ಕೊಟ್ಟು ಕೆಮ್ಮಿದೆ.
ಬಾಯಿಂದ ಬಂತು ಕೆಮ್ಮು. ಬಾಯಿಂದ!
ಅಷ್ಟು ದಿನದ ಮೇಲೆ, ಎಲ್ಲರ ಹಾಗೆ.

ದೇರಳಕಟ್ಟೆಯ ಗುಡ್ಡದ ಕೆಳಗೆ ಮೊದಲ ಬಸ್ಸು,
ಯಾವನೋ "ರೈಟ್, ಪೋಯಿ" ಎಂದ.
ಜಲಜಾಕ್ಷಿ ಸಂಚಿಯಿಂದ ನನ್ನ ವಿಸಿಲ್ ತೆಗೆದಳು.
ತಾ ಎಂದು ನಾನು ಹೇಳಿರಲಿಲ್ಲ.
ನಳಿಗೆ ಹಾಕಿದ ವಾರ, ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಊದಿದ್ದೆ;
ಕೊರಳಿನಿಂದ ಫುಸ್ಸೆಂದು ಹೋಗಿತ್ತು ಎಲ್ಲ ಗಾಳಿ,
ತುಟಿಯಲ್ಲಿ ಬರಿಯ ತಗಡು.
ಅವಳಿಗೆ ಹೇಗೆ ಗೊತ್ತಾಯಿತೋ.

ಊದಿದೆ.
ಸದ್ದು ಬರಲಿಲ್ಲ.
ಒಳಗಿನ ಕಾಳು ಮಾತ್ರ ಒಂದು ಸುತ್ತು ಹೊರಳಿತು.

"ಇನ್ನೊಮ್ಮೆ," ಎಂದಳು.