ತೊಂಬತ್ತು ಲೀಟರ್

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ ನನ್ನ ಕನ್ನಡಕದಂಗಡಿ.
ಕಾಯುವ ಮಕ್ಕಳಿಗೆ ನೋಡಲು ಒಂದು ಕಡಲಿರಲಿ
ಎಂದವಳು ನಾನೇ.
ಗಾಜಿನದು, ಬೆಂಚಿನ ಮೇಲೆ ಕೂರುವಂಥದು,
ತೊಂಬತ್ತು ಲೀಟರ್.

ಎರಡು ತಿಂಗಳು ಅದರಲ್ಲಿ ಮೀನೇ ಇರಲಿಲ್ಲ.
ಕಲ್ಲು, ಪೊಟ್ಟಣದ ಉಪ್ಪು ಕರಗಿದ ನೀರು,
ಗಾಜಿಗೆ ಹತ್ತಿ, ತಾನಾಗಿ ಇಳಿದ ಕಂದು ಪಾಚಿ.
ಫ್ರೇಮಿನ ತಿರುಪು ಬಿಗಿಸಿಕೊಳ್ಳಲು ಬಂದ ಉತ್ತಯ್ಯ ಮೇಷ್ಟ್ರು
ಬಗ್ಗಿ ಬಗ್ಗಿ ನೋಡಿ
‘ನನ್ನ ಕಣ್ಣು ಇಷ್ಟು ಹೋಯಿತೇನಮ್ಮ?’ ಎಂದರು.
ಇಲ್ಲ ಸರ್, ಖಾಲಿಯೇ ಇದೆ.

ಮಾಕುಟ್ಟದ ತಿರುವುಗಳನ್ನೆಲ್ಲ ಹತ್ತಿ
ಕಣ್ಣೂರಿನಿಂದ ಗುರುವಾರ ಬರುತ್ತಾನೆ ಅಸೈನಾರ್,
ಥರ್ಮಾಕೋಲ್ ಪೆಟ್ಟಿಗೆ, ಉಬ್ಬಿದ ಚೀಲಗಳು.
ಮೀನು ಮಾರುವವನಲ್ಲ ಅವನು, ಸಂಬಂಧ ಕೂಡಿಸುವವನು.

ಹಳದಿ ಟ್ಯಾಂಗ್?
‘ಬೇಡ ಚೇಚಿ. ಊಟದ ತಟ್ಟೆಯಷ್ಟಾಗುತ್ತೆ.
ಓಣಿಗೆ ನುಗ್ಗಿದ ಸರ್ಕಾರಿ ಬಸ್ಸು,
ತಿರುಗಿಸೋದೆಲ್ಲಿ?’
ಮ್ಯಾಂಡರಿನ್?
‘ಕಲ್ಲಿನ ಸಂದಿಯ ಜೀವಂತ ಹುಳುವೇ ಬೇಕು ಅದಕ್ಕೆ.
ಹಸಿದು ಹಸಿದು, ಚಂದವಾಗಿಯೇ ಸಾಯುತ್ತೆ.’
ಕ್ಲೌನ್?
‘ಜೋಡಿ ತಗೊಳ್ಳಿ, ಒಟ್ಟಿಗೇ ಬೆಳೆದದ್ದು.
ದೊಡ್ಡದು ಹೆಣ್ಣು.
ದೊಡ್ಡದಾದ್ದಕ್ಕೇ ಹೆಣ್ಣು.’
ಗೋಬಿ?
ಹಿಂದಿನಿಂದ ನನ್ನವರು: ‘ಮಂಚೂರಿಯಾ?’
ಅಸೈನಾರ್ ನಗಲಿಲ್ಲ.
‘ಒಳ್ಳೇದು. ಮರಳು ಜರಡಿ ಹಿಡಿಯುತ್ತೆ, ಯಾರ ತಂಟೆಗೂ ಹೋಗಲ್ಲ.
ಮುಚ್ಚಳ ಮಾತ್ರ ಇರಲಿ. ಹೆದರಿದರೆ ಹಾರುತ್ತೆ.
ಹಾರಿದರೆ, ನೆಲ.’

ಚೀಟಿಯ ಹಿಂದೆ ಬರೆದುಕೊಂಡೆ,
ಬಲಗಣ್ಣು, ಎಡಗಣ್ಣು ಎಂಬ ಅಭ್ಯಾಸದಲ್ಲೇ
ಎರಡು ಸಾಲು: ಆಗುವವು ಬಲಕ್ಕೆ, ಆಗದವು ಎಡಕ್ಕೆ.
ಎಡಕ್ಕೆ ಜಾಗ ಸಾಲದೆ ಅಂಚಿನಲ್ಲಿ ತಿರುಗಿಸಿ ಬರೆದೆ.

ಆಮೇಲೆ ಪೆಟ್ಟಿಗೆಯ ಮೂಲೆಯ ನೀಲಿ ಕಂಡಿತು.
ಹೆಬ್ಬೆರಳಿನುದ್ದದ ಡ್ಯಾಮ್ಸೆಲ್, ನೂರೈವತ್ತು ರೂಪಾಯಿ.
ಅಸೈನಾರ್ ಏನೂ ಹೇಳಲಿಲ್ಲ.
ಅವನು ಏನೂ ಹೇಳದಿದ್ದರೆ ಬೇಡ ಎಂದರ್ಥ ಎಂದು
ನನಗೆ ಆಗ ಗೊತ್ತಿರಲಿಲ್ಲ
ಎಂದು ಈಗ ಹೇಳುತ್ತಿದ್ದೇನೆ.
ಗೊತ್ತಿತ್ತು.

ಅದನ್ನೇ ಮೊದಲು ಬಿಟ್ಟೆ. ಉಳಿದವು ಮುಂದಿನ ಗುರುವಾರಗಳಲ್ಲಿ.

ನನಗೆಲ್ಲ ಸರಿಯಾಗಿಯೇ ಕಾಣುತ್ತಿತ್ತು.
ಏಳು ವರ್ಷದ ಶಿಬಿಲ್‌ಗೆ ಮೈನಸ್ ಮೂರರ ಕನ್ನಡಕ ಹಾಕಿಸಿ
ಕಿವಿಯ ಹಿಂದೆ ಕಡ್ಡಿ ಬಾಗಿಸುತ್ತಿದ್ದಾಗ
ಗೋಡೆಯ ಅಕ್ಷರ ಬಿಟ್ಟು ತೊಟ್ಟಿ ನೋಡಿದಳು,
ಜೀವಮಾನದಲ್ಲಿ ಮೊದಲ ಬಾರಿ ಚೊಕ್ಕವಾಗಿ.
‘ಆಂಟಿ, ಪೈಪಿನ ಹಿಂದೆ ಒಂದಿದೆ.
ಅದರ ಬಾಲ ಹರಿದಿದೆ.’

ಭಾನುವಾರ ಶಟರ್ ಎಳೆದು ಒಳಗೇ ಕೂತೆ.
ಬಕೆಟ್ಟಿಗೆ ಅರ್ಧ ನೀರು, ಮೊರಕ್ಕೆ ಕಲ್ಲು,
ಒಂದೊಂದೂ ತೆಗೆದ ಮೇಲೆಯೇ ಸಿಕ್ಕಿತು ನೀಲಿ,
ಮೊಸರಿನ ಡಬ್ಬಿಯಲ್ಲಿ.
ಡಬ್ಬಿಯೊಳಗೂ ನನ್ನ ಬೆರಳಿಗೆ ಗುದ್ದಿತು.
ಮತ್ತೆ ಕಲ್ಲಿಟ್ಟೆ, ಬೇರೆ ಥರ,
ಮದುವೆಯಲ್ಲಿ ಅರುವರು ಹರಳು ಎಣಿಸಿ
ಹೊಸ ಮನೆಯ ಹಕ್ಕು ಒಪ್ಪಿಸುವ ಹಾಗೆ:
ಇದು ನಿನ್ನ ಸಂದಿ, ಇದು ನಿಮ್ಮಿಬ್ಬರದು,
ಇದು ಸದ್ಯ ಯಾರದ್ದೂ ಅಲ್ಲ.

‘ಅದರ ತಪ್ಪಲ್ಲ ಚೇಚಿ,’ ಎಂದ ಅಸೈನಾರ್ ಡಬ್ಬಿ ಎತ್ತಿಕೊಂಡು.
‘ಮೊದಲು ಬಂದದ್ದು ಎಲ್ಲ ತನ್ನದೆಂದುಕೊಳ್ಳುತ್ತೆ.
ಸಾಧುವನ್ನು ಮೊದಲು ಬಿಡಬೇಕು, ಜೋರಿನವರನ್ನು ಕೊನೆಗೆ.’
ನಾನು ಕಿಟಕಿಯ ಕಡೆ ನೋಡಿದೆ.
ಮಾವನವರ ವಾಚು ರಿಪೇರಿಯ ಮೇಜು,
ಅವರು ಹೋಗಿ ಒಂಬತ್ತು ವರ್ಷವಾದರೂ
ಬೆಳಕಿನ ಜಾಗ ಬಿಟ್ಟುಕೊಟ್ಟಿಲ್ಲ.

ಈಗ ಬಲಗಡೆಯ ಸಾಲಿನಲ್ಲಿ ಕ್ಲೌನ್ ಎರಡು, ಗೋಬಿ ಒಂದು.
ಹಳದಿಯದು ಯಾವಾಗ ಎಂದು ಶಿಬಿಲ್ ಕೇಳುತ್ತಾಳೆ.
ಬಸ್ಸಿನ ಕತೆ ಹೇಳುತ್ತೇನೆ. ಒಪ್ಪುವುದಿಲ್ಲ.
ಸಂಜೆ ದೀಪವಾರಿಸಿದ ಮೇಲೆ
ಕನ್ನಡಕ ಮೂಗಿಗೇರಿಸಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ.
ಯಾರದ್ದೂ ಅಲ್ಲದ ಆ ಸಂದಿಯಿಂದ
ಅರ್ಧ ಬೆಳೆದ ಬಾಲವೊಂದು ಹೊರಬಂದು
ಒಂದು ಬಾಯಿ ಮರಳೆತ್ತಿ
ಉಗುಳುತ್ತದೆ.